ನಾರುಹುಣ್ಣು ಮತ್ತು ನಮ್ಮೂರ ಪಾವಟಿಗೆ ಬಾವಿ

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ಆದರೆ ಊಟಕ್ಕಿಂತ ಮೊದಲು ಬೇಕಾದದ್ದು ನೀರು. ಆ ನೀರನ್ನು ಬಲ್ಲವರು ಎಷ್ಟು ಜನ? ನೀರಿನ ವಿಷಯವಾಗಿ ವಿದ್ವಾಂಸರು ನಡೆಸಿದ ಸಂಶೋಧನೆಗಳೆಲ್ಲ ಗ್ರಂಥಾಲಯದ ಕಪಾಟಿಗೆ ಸೇರಿದವು, ನಮ್ಮಂಥವರ ಅಡಿಗೆಮನೆಗೂ ಅವಕ್ಕೂ ಸಂಬಂಧವಿಲ್ಲ ಎಂದೇ ನಾನು ತಿಳಿದಿದ್ದೆನು. ಈ ತಿಳಿವಳಿಕೆ ತಪ್ಪೆಂದು ನನಗೆ ತೋರಿಸಿಕೊಟ್ಟದ್ದು ನನ್ನ ಅಜ್ಜಿಯ ಎಡಗಾಲಿನ ಮೇಲಿರುವ ಒಂದು ಹಳೆಯ ಕಲೆ.

ನಮ್ಮದು ಕೃಷ್ಣಾ ತುಂಗಭದ್ರೆಗಳ ನಡುವಣ ಸೀಮೆಯ ಒಂದು ಸಣ್ಣ ಹಳ್ಳಿ. ಎರಡು ದೊಡ್ಡ ಹೊಳೆಗಳ ನಡುವೆ ಇದ್ದರೂ ಕುಡಿಯುವ ನೀರಿಗೆ ನಮ್ಮೂರಲ್ಲಿ ಸದಾ ಬರ. ನಮ್ಮ ಮನೆತನದಲ್ಲಿ ಕಾಲೇಜಿಗೆ ಬಂದವಳು ನಾನೇ ಮೊದಲನೆಯವಳು. ಅಜ್ಜಿಯ ಕಣಕಾಲಿನ ಮೇಲೆ ಸುಟ್ಟ ಗಾಯದಂತೆ ಮುದುಡಿಕೊಂಡ ಒಂದು ಗುರುತಿದೆ. ಅದೇನೆಂದು ಕೇಳಿದಾಗಲೆಲ್ಲ ಆಕೆ ‘ನಾರು ಆಗಿತ್ತು’ ಎಂದು ಎರಡೇ ಮಾತಿನಲ್ಲಿ ಮುಗಿಸುತ್ತಿದ್ದಳು. ಕಳೆದ ವರ್ಷ ಭೂಗೋಳದ ಅಧ್ಯಾಪಕರು ‘ನೀರು ಮತ್ತು ಸಾರ್ವಜನಿಕ ಆರೋಗ್ಯ’ ಎಂಬ ವಿಷಯದ ಮೇಲೆ ಪ್ರಬಂಧ ಬರೆಯಲು ಹೇಳಿದಾಗ, ಪುಸ್ತಕವೊಂದರಲ್ಲಿ ಇದೇ ರೋಗದ ಹೆಸರು ನನ್ನ ಕಣ್ಣಿಗೆ ಬಿತ್ತು. ಆ ಓದಿನ ಸಾರವನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ನಾರುಹುಣ್ಣು ಎಂಬುದು ಹುಳುವಿನಿಂದ ಆಗುವ ರೋಗ. ಹೆಣ್ಣುಹುಳು ನಾರಿನ ಎಳೆಯಂತೆ ತೆಳ್ಳಗೆ, ಬಿಳುಪಾಗಿ, 60ರಿಂದ 100 ಸೆಂಟಿಮೀಟರಿನವರೆಗೆ ಉದ್ದವಾಗಿರುತ್ತದೆ. ಅದು ಮನುಷ್ಯನ ಚರ್ಮದ ಕೆಳಗೆ ಬೆಳೆದು, ಸಾಮಾನ್ಯವಾಗಿ ಮೊಣಕಾಲಿನ ಕೆಳಗೆ ಬೊಬ್ಬೆ ಎಬ್ಬಿಸಿ ಹೊರಬರುತ್ತದೆ. ಆಗಿನ ಉರಿ ಬೆಂಕಿಯ ಉರಿಯಂತೆ. ಇದಕ್ಕೆ ಅಂದೂ ಔಷಧವಿರಲಿಲ್ಲ, ಇಂದೂ ಇಲ್ಲ, ಚುಚ್ಚುಮದ್ದೂ ಇಲ್ಲ. ಒಮ್ಮೆ ಬಂದವರಿಗೆ ಮತ್ತೊಮ್ಮೆ ಬಾರದೆಂಬ ಭರವಸೆಯೂ ಇಲ್ಲ. ಹೊರಬಂದ ತುದಿಯನ್ನು ಸಣ್ಣ ಕಡ್ಡಿಗೆ ಸುತ್ತಿ, ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಎಳೆಯುವುದೊಂದೇ ಉಪಾಯ. ಅವಸರ ಮಾಡಿ ಹುಳು ಹರಿದರೆ ಕಾಲು ಬಾತು ಕೀವಾಗುತ್ತದೆ. ಅಕ್ಷರ ಅರಿಯದ ನನ್ನ ಅಜ್ಜಿ ದಿನಕ್ಕೆ ಒಂದು ಬೆರಳಿನಷ್ಟೇ ಸುತ್ತಬೇಕೆಂದು ಬಲ್ಲಳು. ವೈದ್ಯಗ್ರಂಥಗಳು ಹೇಳುವುದೂ ಇದನ್ನೇ. ಪ್ರಾಚೀನ ಈಜಿಪ್ತಿನ ಸುರಕ್ಷಿತ ಶವವೊಂದರಲ್ಲಿಯೂ ಈ ಹುಳುವಿನ ಅವಶೇಷ ದೊರೆತಿದೆಯೆಂದ ಮೇಲೆ ಇದು ಎಷ್ಟು ಹಳೆಯ ಶತ್ರುವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹಾಗಾದರೆ ಹುಳು ದೇಹದೊಳಕ್ಕೆ ಬರುವುದು ಹೇಗೆ? ಸಾವಿರಾರು ವರ್ಷ ಇದಕ್ಕೆ ಉತ್ತರವಿರಲಿಲ್ಲ. ನಮ್ಮೂರ ಹಿರಿಯರು ದೇವರ ಕಾಟವೆಂದರು. ಕೆಲವರು ಕೆಸರು ತುಳಿದದ್ದರ ಫಲವೆಂದರು. ಉತ್ತರ ಹುಡುಕಲು ಇಷ್ಟು ಕಷ್ಟವಾದದ್ದಕ್ಕೆ ಕಾರಣವೂ ಇದೆ. ಇಂದು ಕುಡಿದ ನೀರಿನ ಫಲ ಕಾಣಿಸಿಕೊಳ್ಳುವುದು ಸುಮಾರು ಒಂದು ವರ್ಷದ ನಂತರ! ಹೋದ ಬೇಸಿಗೆಯ ಒಂದು ಗುಟುಕು ನೀರನ್ನು ಈ ಬೇಸಿಗೆಯ ಹುಣ್ಣಿನೊಡನೆ ಯಾರು ತಾನೆ ಜೋಡಿಸಿ ನೋಡಿಯಾರು?

1870ರಲ್ಲಿ ಅಲೆಕ್ಸೇಯ್ ಫೆದ್ಚೆಂಕೊ ಎಂಬ ರಷ್ಯದ ಪ್ರಕೃತಿವಿಜ್ಞಾನಿ ಮಧ್ಯ ಏಷ್ಯದಲ್ಲಿ ಈ ಗಂಟನ್ನು ಬಿಚ್ಚಿದನು. ನಿಂತ ನೀರಿನಲ್ಲಿ ಸೈಕ್ಲಾಪ್ಸ್ ಎಂಬ ಪ್ರಾಣಿಯಿರುತ್ತದೆ. ಅದರ ಗಾತ್ರ ಒಂದೆರಡು ಮಿಲಿಮೀಟರಿನಷ್ಟು. ಬಿಸಿಲಿಗೆ ಹಿಡಿದು ನೋಡಿದರೆ ಚುಕ್ಕೆ ಜಿಗಿದಂತೆ ಕಾಣುವುದು. ನಾರುಹುಳುವಿನ ಮರಿಗಳು ಈ ಸೈಕ್ಲಾಪ್ಸಿನ ಹೊಟ್ಟೆ ಸೇರಿ ಬೆಳೆಯುತ್ತವೆ ಎಂಬುದನ್ನು ಅವನು ಕಂಡುಹಿಡಿದನು. ಮುಂದಿನವರ ಸಂಶೋಧನೆಯಿಂದ ಇಡೀ ಚಕ್ರ ಸ್ಪಷ್ಟವಾಯಿತು. ಅದು ಹೀಗಿದೆ: ಉರಿ ತಡೆಯಲಾರದೆ ರೋಗಿ ಕಾಲನ್ನು ನೀರಿಗಿಳಿಸುತ್ತಾನೆ. ನೀರು ತಗುಲಿದೊಡನೆ ಹುಳು ಲಕ್ಷಗಟ್ಟಲೆ ಮರಿಗಳನ್ನು ಹೊರಚೆಲ್ಲುತ್ತದೆ. ಮರಿಗಳನ್ನು ಸೈಕ್ಲಾಪ್ಸ್ ನುಂಗುತ್ತದೆ. ಎರಡು ವಾರಗಳಲ್ಲಿ ಮರಿಗಳು ಬಲಿಯುತ್ತವೆ. ಆ ನೀರನ್ನು ಕುಡಿದವನ ಜಠರದಲ್ಲಿ ಸೈಕ್ಲಾಪ್ಸ್ ಸಾಯುತ್ತದೆ, ಮರಿ ಉಳಿಯುತ್ತದೆ. ಕರುಳನ್ನು ಕೊರೆದು ಒಳಗೆ ಸೇರಿ ವರ್ಷವಿಡೀ ಬೆಳೆದು ಮತ್ತೊಂದು ಕಾಲಿನಿಂದ ಹೊರಬರುತ್ತದೆ. ಕಾಲು, ನೀರು, ಬಾಯಿ, ಮತ್ತೆ ಕಾಲು: ಚಕ್ರವೆಂದರೆ ಇಷ್ಟೇ.

ಇದನ್ನು ಓದಿ ನನಗಾದ ಉತ್ಸಾಹ ಅಷ್ಟಿಷ್ಟಲ್ಲ. ರಜೆಯಲ್ಲಿ ಊರಿಗೆ ಹೋದವಳೇ ಅಜ್ಜಿಯನ್ನು ಕಟ್ಟೆಯ ಮೇಲೆ ಕೂಡ್ರಿಸಿಕೊಂಡು, ನೆಲದ ಮೇಲೆ ಇದ್ದಿಲಿನಿಂದ ಚಕ್ರ ಬರೆದು ವಿವರಿಸಿದೆನು. ಅಜ್ಜಿ ಬಹಳ ಹೊತ್ತು ಆ ಗೆರೆಯನ್ನೇ ನೋಡುತ್ತ ಕುಳಿತಳು. ಆಕೆಗೆ ನಾರು ಆದ ಮರುವರ್ಷದ ಬೇಸಿಗೆಯಲ್ಲಿಯೇ ನಮ್ಮ ತಂದೆಯವರಿಗೂ ಆಗಿತ್ತು. ಆಗ ಅವರು ಐದನೆಯ ಇಯತ್ತೆಯಲ್ಲಿದ್ದ ಹುಡುಗ. ಎರಡು ಹುಳು, ಮೂರು ತಿಂಗಳ ಹಾಸಿಗೆ. ಪರೀಕ್ಷೆ ತಪ್ಪಿತು. ಕಾಲು ನೆಟ್ಟಗಾದ ಮೇಲೆ ದನ ಕಾಯಲು ಹೋದವರು ಶಾಲೆಯ ಕಡೆ ತಿರುಗಿ ನೋಡಲಿಲ್ಲ.

“ಹಂಗಾದ್ರ ಯವ್ವಾ, ನನ್ನ ಮಗನಿಗೆ ನಾನ ಹಚ್ಚಿದೆನೇನು?” ಎಂದಳು ಅಜ್ಜಿ.

ನನ್ನ ಬಾಯಿ ಕಟ್ಟಿತು. ನಾನು ಬರೆದಿದ್ದ ಚಕ್ರ ಆಕೆಗೆ ಆರೋಪಪಟ್ಟಿಯಂತೆ ಕಂಡಿತ್ತು. ತಿಳಿದದ್ದನ್ನು ಹೇಳುವ ಅವಸರದಲ್ಲಿ, ಕೇಳುವವರು ಯಾರೆಂಬುದನ್ನು ನಾನು ಮರೆತಿದ್ದೆನು. ಕಡೆಗೆ, “ಆ ವರ್ಷ ಊರಾಗ ಎಷ್ಟು ಮಂದಿಗೆ ನಾರು ಆಗಿತ್ತಜ್ಜಿ?” ಎಂದು ಕೇಳಿದೆ. ಆಕೆ ಬೆರಳು ಮಡಚುತ್ತ ಹೋದಳು. ಎರಡು ಕೈಯ ಬೆರಳುಗಳೂ ಸಾಲಲಿಲ್ಲ. “ಅವರೆಲ್ಲ ಬಾವಿಗೆ ಇಳೀತಿದ್ದರೇನು?” ಎಂದೆ. “ಇಳೀದಿದ್ರ ನೀರು ತಾನ ಮೇಲೆ ಬರ್ತಿತ್ತೇನು?” ಎಂದು ಆಕೆ ತಿರುಗಿ ಕೇಳಿದಳು. ಆ ಮಾತಿನಲ್ಲಿಯೇ ಉತ್ತರವಿತ್ತು.

ನಮ್ಮೂರಲ್ಲಿದ್ದದ್ದು ಪಾವಟಿಗೆ ಬಾವಿ. ಕಲ್ಲಿನ ಮೆಟ್ಟಿಲಿಳಿದು, ಮೊಣಕಾಲವರೆಗೆ ನೀರಿನಲ್ಲಿ ನಿಂತು ಕೊಡ ತುಂಬಬೇಕು. ಬೇಸಿಗೆಯಲ್ಲಿ ನೀರು ತಳ ಸೇರಿದಷ್ಟೂ ಸೈಕ್ಲಾಪ್ಸಿನ ಸಾಂದ್ರತೆ ಹೆಚ್ಚು. ಊರ ಹೊರಗಿನ ಕೇರಿಯವರಿಗಂತೂ ಆ ಬಾವಿಗೆ ಇಳಿಯುವ ಹಕ್ಕೂ ಇರಲಿಲ್ಲ. ಅವರು ಹಳ್ಳದ ಹೊಂಡದ ನೀರನ್ನು ತರುತ್ತಿದ್ದರು. ಅದೂ ನಿಂತ ನೀರೇ. ಸೇದುವ ಬಾವಿಯಲ್ಲಿ ಕಟ್ಟೆಯ ಹೊರಗೆ ನಿಂತು ಹಗ್ಗ ಬಿಡುವುದರಿಂದ ಕಾಲಿಗೂ ನೀರಿಗೂ ಸಂಪರ್ಕವೇ ಇರುವುದಿಲ್ಲ. ಆದುದರಿಂದ ತಪ್ಪು ಉರಿಗಾಲನ್ನು ನೀರಿಗಿಟ್ಟ ಹೆಣ್ಣುಮಗಳದಲ್ಲ; ಕಾಲಿಡದೆ ನೀರು ತರಲು ಬೇರೆ ದಾರಿಯನ್ನು ಆಕೆಗೆ ಯಾರೂ ಮಾಡಿಕೊಟ್ಟಿರಲಿಲ್ಲ. ಇದನ್ನು ಅಜ್ಜಿಗೆ ನನ್ನ ಮಾತಿನಲ್ಲಿ ಹೇಳಿದೆ. ಆಕೆ ಒಪ್ಪಿದಳೋ ಇಲ್ಲವೋ ತಿಳಿಯದು. ಸೆರಗಿನಿಂದ ನೆಲದ ಮೇಲಿನ ಇದ್ದಿಲು ಗೆರೆಯನ್ನು ಒರೆಸಿ ಎದ್ದು ಹೋದಳು.

ಚಕ್ರ ತಿಳಿದ ಮೇಲೆ ಅದನ್ನು ಎಲ್ಲಿ ಮುರಿಯಬೇಕೆಂಬುದೂ ತಿಳಿಯುತ್ತದೆ. ಮಧ್ಯ ಏಷ್ಯದ ಬುಖಾರಾ ಪಟ್ಟಣದಲ್ಲಿಯೂ ಮೆಟ್ಟಿಲುಗಳ ಕೊಳಗಳೇ ಇದ್ದವು. ನೀರು ಹೊರುವವರು ಅವುಗಳಿಗಿಳಿದು ಚರ್ಮದ ಚೀಲ ತುಂಬುತ್ತಿದ್ದರು. 1920ರ ದಶಕದಲ್ಲಿ ಲಿಯೊನಿದ್ ಇಸಾಯೆವ್ ಎಂಬ ವೈದ್ಯವಿಜ್ಞಾನಿ ಆ ಕೊಳಗಳನ್ನು ಬರಿದು ಮಾಡಿಸಿ, ಶುದ್ಧ ನೀರಿನ ವ್ಯವಸ್ಥೆಯಾದ ಮೇಲೆ 1930ರ ದಶಕದ ಆರಂಭದ ವೇಳೆಗೆ ಅಲ್ಲಿ ರೋಗ ನಿಂತುಹೋಯಿತು. ಔಷಧವಿಲ್ಲದೆಯೇ ರೋಗವನ್ನು ಕಿತ್ತೊಗೆಯಬಹುದೆಂಬುದಕ್ಕೆ ಇದೊಂದು ನಿದರ್ಶನ.

ನಮ್ಮ ದೇಶದಲ್ಲಿ ನಾರುಹುಣ್ಣು ನಿರ್ಮೂಲನ ಕಾರ್ಯಕ್ರಮ ಆರಂಭವಾದದ್ದು 1983-84ರಲ್ಲಿ. 1984ರಲ್ಲಿ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಸುಮಾರು 40 ಸಾವಿರ ರೋಗಿಗಳಿದ್ದರು. ಆರೋಗ್ಯ ಕಾರ್ಯಕರ್ತರು ಹಳ್ಳಿಹಳ್ಳಿಗೆ, ಮನೆಮನೆಗೆ ಹೋಗಿ ರೋಗಿಗಳನ್ನು ಹುಡುಕಿದರು. ಪಾವಟಿಗೆ ಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಿದರು. ಕೈಪಂಪುಗಳನ್ನು, ನಮ್ಮ ಕಡೆಯ ಮಾತಿನಲ್ಲಿ ‘ಬೋರಿಂಗು’ಗಳನ್ನು, ಹಾಕಿದರು. ಸೈಕ್ಲಾಪ್ಸ್ ಸಾಯುವಂತೆ ನೀರಿಗೆ ಟೆಮೆಫಾಸ್ ಎಂಬ ಮದ್ದನ್ನು ಅಳತೆಯಿಂದ ಬೆರೆಸಿದರು. ಎಲ್ಲಕ್ಕಿಂತ ಸುಲಭವಾದ ಉಪಾಯವನ್ನು ಹೆಂಗಸರ ಕೈಗೆ ಕೊಟ್ಟರು: ಸಣ್ಣ ನೇಯ್ಗೆಯ ಅರಿವೆಯಿಂದ ನೀರನ್ನು ಸೋಸಿ ಕುಡಿಯಿರಿ. 1996ರ ಜುಲೈಯಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕಂಡ ರೋಗಿಯೇ ಭಾರತದ ಕೊನೆಯ ರೋಗಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ನಾರುಹುಣ್ಣುಮುಕ್ತ ದೇಶವೆಂದು ಪ್ರಮಾಣೀಕರಿಸಿತು.

ಈ ರೋಗ ಕೊಲ್ಲುವುದು ಅಪರೂಪ. ಹಾಗಾದರೆ ಇಷ್ಟೊಂದು ಶ್ರಮವೇಕೆ ಎಂದು ಯಾರಾದರೂ ಕೇಳಬಹುದು. ಆಫ್ರಿಕದ ಮಾಲಿ ದೇಶದ ದೋಗೊನ್ ಜನರು ಇದನ್ನು ‘ಖಾಲಿ ಕಣಜದ ರೋಗ’ವೆಂದು ಕರೆಯುತ್ತಾರೆ. ಹೊಲದ ಕೆಲಸದ ಕಾಲಕ್ಕೇ ಆಳು ನೆಲ ಹಿಡಿದರೆ ಕಣಜ ತುಂಬುವುದೆಲ್ಲಿಂದ? ಆಗ್ನೇಯ ನೈಜೀರಿಯದ ಭತ್ತ ಬೆಳೆಯುವ ಪ್ರದೇಶದಲ್ಲಿ ಈ ರೋಗದಿಂದ ವರ್ಷಕ್ಕೆ ಎರಡು ಕೋಟಿ ಡಾಲರ್ ನಷ್ಟವಾಗುತ್ತಿದೆಯೆಂದು 1987ರ ಅಧ್ಯಯನವೊಂದು ಲೆಕ್ಕ ಹಾಕಿತು. ಆದರೆ ದನ ಕಾಯಲು ಹೋದ ಹುಡುಗನ ಪಾಠಗಳು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ನಮ್ಮ ಮನೆಯಲ್ಲಿ ಪದವಿ ಒಂದು ತಲೆಮಾರು ತಡವಾಗಿ ಬಂದದ್ದಕ್ಕೆ ಆ ಬಾವಿಯ ನೀರೂ ಒಂದು ಕಾರಣವೆಂದು ನಾನು ನಂಬಿದ್ದೇನೆ.

1986ರಲ್ಲಿ ಜಗತ್ತಿನಲ್ಲಿ ಸುಮಾರು 35 ಲಕ್ಷ ಜನರಿಗೆ ಈ ರೋಗವಿತ್ತೆಂದು ಅಂದಾಜು. 2023ರಲ್ಲಿ ದಾಖಲಾದ ಮನುಷ್ಯ ರೋಗಿಗಳು ಕೇವಲ 14. ಆದರೂ ಚಾಡ್ ಮೊದಲಾದ ದೇಶಗಳಲ್ಲಿ ನಾಯಿಗಳಿಗೂ ಹುಳು ತಗುಲುತ್ತಿರುವುದು ಕಂಡುಬಂದು ಕೊನೆಯ ಹೆಜ್ಜೆ ಕಠಿಣವಾಗಿದೆ. ನಮ್ಮ ಕಡೆಯಲ್ಲಿಯೂ ನೀರಿನ ಕಥೆ ಮುಗಿದಿಲ್ಲ. ನಾರನ್ನು ಓಡಿಸಲು ನೆರವಾದ ಬೋರಿಂಗಿನ ನೀರಿನಲ್ಲಿ ಹಲವೆಡೆ ಫ್ಲೋರೈಡಿನ ಅಂಶ ಮಿತಿಮೀರಿ ಹಲ್ಲು, ಎಲುಬುಗಳನ್ನು ಕೆಡಿಸುತ್ತಿದೆ. ಇದು ನೀರಿನಲ್ಲಿ ಕರಗಿರುವುದರಿಂದ ಎಷ್ಟು ಸಣ್ಣ ಅರಿವೆಯಿಂದ ಸೋಸಿದರೂ ಹೋಗದು. ಒಂದು ರೋಗದ ಮದ್ದು ಎಲ್ಲ ರೋಗಕ್ಕೂ ಮದ್ದಲ್ಲ. ಪ್ರತಿ ನೀರಿಗೂ ಅದರದೇ ಪ್ರಶ್ನೆ. ಪ್ರತಿ ಪ್ರಶ್ನೆಗೂ ಹೊಸ ಸಂಶೋಧನೆ ಬೇಕು.

ಆದರೆ ಸೋಸುವ ಅರಿವೆಯನ್ನು ಅಲ್ಲಗಳೆಯುವ ಹಾಗೂ ಇಲ್ಲ. ಕಾಲರಾದ ಕ್ರಿಮಿಗಳು ಸೈಕ್ಲಾಪ್ಸಿನಂತಹ ಜಲಜೀವಿಗಳಿಗೆ ಅಂಟಿಕೊಂಡಿರುತ್ತವೆ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ನಾಲ್ಕು ಅಥವಾ ಹೆಚ್ಚು ಪದರು ಮಡಚಿ ನೀರು ಸೋಸಿದಾಗ ಕಾಲರಾ ಸುಮಾರು ಅರ್ಧದಷ್ಟು ಇಳಿಯಿತೆಂದು ರೀಟಾ ಕೋಲ್ವೆಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದರು. ಪ್ರಯೋಗಶಾಲೆಯ ವಿದ್ಯೆ ಅಲ್ಲಿ ಹಳೆಯ ಸೀರೆಯನ್ನೇ ಉಪಕರಣವಾಗಿ ಮಾಡಿಕೊಂಡಿತು.

ನಮ್ಮ ಓಣಿಗೆ ಈಗ ನಲ್ಲಿ ಬಂದಿದೆ. ಎರಡು ದಿನಕ್ಕೊಮ್ಮೆ ನೀರು ಬಿಡುತ್ತಾರೆ. ಅಜ್ಜಿ ಇಂದಿಗೂ ಕೊಡದ ಬಾಯಿಗೆ ಎರಡು ಪದರಿನ ಅರಿವೆ ಕಟ್ಟದೆ ನೀರು ಹಿಡಿಯುವುದಿಲ್ಲ. ಮೊದಲು ನಾನು ಇದನ್ನು ನೋಡಿ ನಗುತ್ತಿದ್ದೆ. ಆ ಇದ್ದಿಲಿನ ಚಕ್ರದ ಮರುದಿನ ಬೆಳಿಗ್ಗೆ ನಲ್ಲಿ ಬಂದಾಗ ಆಕೆ ಅರಿವೆಯನ್ನು ನಾಲ್ಕು ಪದರು ಮಡಚಿ, ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, “ಹಿಡಿ, ನಿಮ್ಮಪ್ಪ ನೀರು ಕೇಳ್ಯಾನ” ಎಂದಳು. ನಾನು ಹಿಡಿದೆನು.