ಮೊಮ್ಮಕ್ಕಳ ಕೈಹಿಡಿದು ಎರಡು ದಿನ

ಉದ್ಯೋಗ ನಿಮಿತ್ತ ಮಕ್ಕಳು ಬೆಂಗಳೂರು, ಮುಂಬಯಿ, ಕೊಲ್ಲಿ ರಾಷ್ಟ್ರಗಳಲ್ಲಿ ನೆಲೆಸಿರುವುದರಿಂದ ಮಂಗಳೂರಿನ ಅನೇಕ ಕ್ರೈಸ್ತ ಮನೆಗಳಲ್ಲಿ ಅಜ್ಜ-ಅಜ್ಜಿಯರಿಗೆ ಮೊಮ್ಮಕ್ಕಳ ಒಡನಾಟ ಅಪರೂಪವಾಗಿದೆ. ರಜೆಗೆ ಬಂದ ಪುಟಾಣಿಗಳೊಡನೆ ಶನಿವಾರ, ಭಾನುವಾರ ಊರು ಸುತ್ತುವುದು ಹಿರಿಯರ ಪಾಲಿಗೆ ಹಬ್ಬವೇ ಸರಿ.

ಇದಕ್ಕಾಗಿ ದೂರ ಹೋಗಬೇಕಾಗಿಲ್ಲ. ಶನಿವಾರ ಸಂತ ಅಲೋಶಿಯಸ್ ಪ್ರಾರ್ಥನಾ ಮಂದಿರವನ್ನು ತೋರಿಸಬಹುದು. ಇಟಲಿಯ ಯೇಸುಸಭೆಯ ಸಹೋದರ ಆಂಟೋನಿಯೊ ಮೊಸ್ಕೇನಿಯವರು 1899ರಲ್ಲಿ ಆರಂಭಿಸಿ ಬಿಡಿಸಿದ ಚಿತ್ರಗಳು ಅಲ್ಲಿನ ಗೋಡೆ, ಛಾವಣಿಗಳನ್ನು ತುಂಬಿವೆ. ಅಕ್ಷರ ಕಲಿಯದ ಮಗುವೂ ಸಂತರ ಕಥೆಯನ್ನು ಅಲ್ಲಿ ಕಣ್ಣಿನಿಂದಲೇ ಓದಬಲ್ಲದು. ಸಂಜೆ ಪಣಂಬೂರಿನ ಕಡಲತೀರ; ಅಲ್ಲಿ ಮರಳಾಟ. ಭಾನುವಾರ ಬಲಿಪೂಜೆಯ ಬಳಿಕ ಬುತ್ತಿ ಕಟ್ಟಿಕೊಂಡು ಪಿಲಿಕುಳ ನಿಸರ್ಗಧಾಮ. ತುಳುವಿನಲ್ಲಿ ‘ಪಿಲಿ’ ಎಂದರೆ ಹುಲಿ. ಮೃಗಾಲಯದ ಹುಲಿಯೆದುರು ಅಜ್ಜ ಹೇಳಿಕೊಟ್ಟ ಆ ಪದವನ್ನು ಮಗು ಮರೆಯಲಾರದು.

ಈ ಸುತ್ತಾಟದ ನಿಜವಾದ ಲಾಭ ಇರುವುದು ಇಲ್ಲಿಯೇ. ಪರಊರಿನಲ್ಲಿ ಬೆಳೆಯುವ ಅನೇಕ ಮಕ್ಕಳಿಗೆ ಕೊಂಕಣಿ ಅರ್ಥವಾದರೂ ನಾಲಗೆಗೆ ಬರುವುದಿಲ್ಲ. ಅಜ್ಜಿಯೊಡನೆ ಆಡಲು ಮಾತಿಲ್ಲದ ಮೊಮ್ಮಗುವಿಗೆ ಅಜ್ಜಿಯ ಕಥೆಗಳೂ ಇಲ್ಲ, ಹಾಡುಗಳೂ ಇಲ್ಲ. ಪಾಠ ಹೇಳಿ ಕಲಿಸಲಾಗದ ಭಾಷೆಯನ್ನು ನಡೆಯುತ್ತಾ, ತೋರಿಸುತ್ತಾ, ನಗುತ್ತಾ ಕಲಿಸಬಹುದು.

ತಂದೆತಾಯಿಯರಿಗೂ ಒಂದು ಮಾತು. ಮಕ್ಕಳನ್ನು ಹಿರಿಯರ ವಶಕ್ಕೊಪ್ಪಿಸಿ ತಮ್ಮ ಕೆಲಸಕ್ಕೆ ಹೋಗದೆ ಜೊತೆಗೆ ನಡೆಯಿರಿ. ಓಡುವ ಮಗುವನ್ನು ಹಿಡಿಯಲು ಅಜ್ಜನ ಮೊಣಕಾಲು ಒಪ್ಪಲಾರದು.

2021ರಲ್ಲಿ ಪೋಪ್ ಫ್ರಾನ್ಸಿಸ್‌ರವರು ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ-ಅಜ್ಜಿಯರ ಹಾಗೂ ಹಿರಿಯರ ವಿಶ್ವದಿನವೆಂದು ಸಾರಿದರು. ಯೇಸುವಿನ ಅಜ್ಜ-ಅಜ್ಜಿಯರಾದ ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರ ಹಬ್ಬವೂ ಅದೇ ತಿಂಗಳ 26ರಂದು. ಆದರೆ ಹಿರಿಯರು ಬಯಸುವುದು ವರ್ಷಕ್ಕೊಂದು ಶುಭಾಶಯವನ್ನಲ್ಲ. ತಮ್ಮ ಬೆರಳು ಹಿಡಿದು ನಡೆಯುವ ಪುಟ್ಟ ಕೈಯನ್ನು.