ತಾನಸಾ ತೀರದ ಬಿಸಿನೀರಿನ ಕುಂಡಗಳು

ಮುಂಬಯಿಯಲ್ಲಿ ಚಳಿಗಾಲದ ಆಯುಷ್ಯ ಬಹು ಅಲ್ಪ. ಮಾರ್ಗಶಿರದಲ್ಲಿ ತಲೆಯಿಕ್ಕಿ ಮಾಘ ಮುಗಿಯುವ ಮೊದಲೇ ಅದು ಹಿಂದಿರುಗುತ್ತದೆ. ಈ ಕೆಲವೇ ವಾರಗಳಲ್ಲಿ ನಗರವಾಸಿಗಳು ವಜ್ರೇಶ್ವರಿ, ಅಕಲೋಲಿ, ಗಣೇಶಪುರಿಗಳ ಬಿಸಿನೀರಿನ ಕುಂಡಗಳತ್ತ ಹೊರಡುವುದು ಬಹುಕಾಲದ ರೂಢಿ. ಮುಂಬಯಿಯ ಕನ್ನಡಿಗರಲ್ಲಿಯೂ ಆ ದಾರಿಯನ್ನು ಅರಿಯದವರು ವಿರಳ. ಆದರೆ ಆ ನೀರು ಎಲ್ಲಿಂದ ಬರುತ್ತದೆ, ಏಕೆ ಬಿಸಿಯಾಗಿದೆ, ಮಿಂದವನಿಗೆ ಅದರಿಂದ ನಿಜವಾಗಿ ಆಗುವುದೇನು ಎಂಬ ಪ್ರಶ್ನೆಗಳನ್ನು ನಾವು ಅಷ್ಟಾಗಿ ಕೇಳಿಕೊಂಡಂತಿಲ್ಲ. ಆ ವಿಚಾರವನ್ನು ಇಲ್ಲಿ ಸ್ಥೂಲವಾಗಿ ನಿರೂಪಿಸಲಾಗಿದೆ.

ಈ ಮೂರು ಊರುಗಳೂ ಠಾಣೆ ಜಿಲ್ಲೆಯ ಭಿವಂಡಿ ತಾಲ್ಲೂಕಿಗೆ ಸೇರಿದವು. ಒಂದರಿಂದ ಮತ್ತೊಂದಕ್ಕೆ ನಡೆದೇ ಹೋಗಬಹುದು. ವಿರಾರ್ ನಿಲ್ದಾಣದಲ್ಲಿ ಇಳಿದರೆ ಅಲ್ಲಿಂದ ರಸ್ತೆಯ ದಾರಿ ಸುಮಾರು 30 ಕಿಲೋಮೀಟರು. ವಜ್ರೇಶ್ವರಿಯ ದೇವಾಲಯಕ್ಕೆ ಇತಿಹಾಸದ ಒಂದು ಮುಖ್ಯ ಘಟನೆಯ ನಂಟಿದೆ. ಪೇಶ್ವೆ ಒಂದನೆಯ ಬಾಜಿರಾಯನ ತಮ್ಮನಾದ ಚಿಮಾಜಿ ಅಪ್ಪನು ಪೋರ್ಚುಗೀಜರ ವಸಯಿ ಕೋಟೆಗೆ ಮುತ್ತಿಗೆ ಹಾಕಿದ್ದಾಗ, ಗೆಲುವು ದೊರೆತರೆ ದೇವಿಗೆ ಗುಡಿ ಕಟ್ಟಿಸುವೆನೆಂದು ಹರಕೆ ಹೊತ್ತನು. 1739ರ ಮೇ ತಿಂಗಳಲ್ಲಿ ಕೋಟೆ ವಶವಾಯಿತು, ಹರಕೆಯೂ ಸಂದಿತು. 52 ಮೆಟ್ಟಲುಗಳನ್ನೇರಿ ಹೋಗುವ ಆ ಗುಡಿಯ ಹೆಬ್ಬಾಗಿಲು ಇಂದಿಗೂ ಕೋಟೆಯ ದ್ವಾರವನ್ನು ನೆನಪಿಗೆ ತರುತ್ತದೆ.

ಗಣೇಶಪುರಿಗೆ ನಮ್ಮವರ ಸಂಬಂಧ ಇನ್ನೂ ಹತ್ತಿರದ್ದು. ಇಂದಿನ ಕಾಸರಗೋಡು ಜಿಲ್ಲೆಯ ಕಾಞಂಗಾಡಿನಲ್ಲಿಯೂ ಮಂಗಳೂರಿನಲ್ಲಿಯೂ ಓಡಾಡಿಕೊಂಡಿದ್ದ ಅವಧೂತ ನಿತ್ಯಾನಂದರು ಕಡೆಗೆ ನೆಲೆನಿಂತು, 1961ರ ಆಗಸ್ಟ್ 8ರಂದು ದೇಹವಿಟ್ಟದ್ದು ಇಲ್ಲಿಯೇ. ಅವರು ಆಡಿದ ಮಾತುಗಳನ್ನು ಮಂಗಳೂರಿನ ಭಕ್ತರು ಕನ್ನಡದಲ್ಲಿ ಬರೆದಿಟ್ಟುಕೊಂಡರು. ‘ಚಿದಾಕಾಶ ಗೀತೆ’ ಎಂಬ ಹೆಸರಿನಿಂದ ಪ್ರಸಿದ್ಧವಾದುದು ಅದೇ ಸಂಗ್ರಹ. ದಕ್ಷಿಣ ಕನ್ನಡದಿಂದ ಬಂದು ನೆಲೆಸಿದ ಅನೇಕ ಕುಟುಂಬಗಳಿಗೆ ಗಣೇಶಪುರಿಯ ಯಾತ್ರೆಯೂ ಕುಂಡಸ್ನಾನವೂ ಬೇರೆಬೇರೆಯಲ್ಲ.

ಸ್ಥಳಪುರಾಣವು ಈ ನೀರಿನ ಬಿಸಿಗೆ ತನ್ನದೇ ಕಾರಣವನ್ನು ಕೊಡುತ್ತದೆ: ದೇವಿಯಿಂದ ಹತರಾದ ರಾಕ್ಷಸರ ನೆತ್ತರೇ ಬಿಸಿನೀರಾಗಿ ಹರಿಯಿತಂತೆ. ನೆಲದೊಳಗಿಂದ ಹಬೆಯಾಡುತ್ತ ನೀರು ಉಕ್ಕುವುದನ್ನು ಕಂಡ ಪೂರ್ವಿಕರಿಗೆ ಹೀಗೆ ತೋರಿದ್ದು ಆಶ್ಚರ್ಯವಲ್ಲ. ವಿದ್ಯಾವಂತರಾದ ನಮ್ಮಲ್ಲಿ ಬಳಕೆಯಲ್ಲಿರುವ ವಿವರಣೆಯಾದರೂ ಇದಕ್ಕಿಂತ ಬಹಳ ಮುಂದೆ ಹೋಗಿಲ್ಲ. ‘ಕೆಳಗೆ ಜ್ವಾಲಾಮುಖಿ ಇದೆ’ ಎಂದುಬಿಡುತ್ತೇವೆ. ಇದು ತಪ್ಪು. ಸಹ್ಯಾದ್ರಿಯ ಕರಿಗಲ್ಲನ್ನು ಹರಿಸಿದ ಲಾವಾಪ್ರವಾಹಗಳು ಸುಮಾರು 6.6 ಕೋಟಿ ವರ್ಷಗಳಷ್ಟು ಹಿಂದಿನವು. ಆ ಬೆಂಕಿ ಎಂದೋ ಆರಿಹೋಗಿದೆ.

ನಿಜವಾದ ಕಾರಣ ಸರಳವಾಗಿದೆ. ಭೂಮಿಯ ಒಳಕ್ಕೆ ಇಳಿದಂತೆಲ್ಲ ಪ್ರತಿ ಕಿಲೋಮೀಟರಿಗೆ ಸುಮಾರು 25ರಿಂದ 30 ಡಿಗ್ರಿ ಸೆಲ್ಸಿಯಸಿನಂತೆ ಶಾಖ ಏರುತ್ತದೆ. ಮಳೆಯ ನೀರು ಬಂಡೆಯ ಬಿರುಕುಗಳಲ್ಲಿ ಆಳಕ್ಕಿಳಿದು, ಅಲ್ಲಿ ಕಾದು, ಮತ್ತೊಂದು ಬಿರುಕಿನ ಮೂಲಕ ಬೇಗನೆ ಮೇಲಕ್ಕೆ ಬಂದರೆ ಬಿಸಿನೀರಿನ ಬುಗ್ಗೆಯಾಗುತ್ತದೆ. ತಾನಸಾ ತೀರದ ಬುಗ್ಗೆಗಳ ಶಾಖ 50 ಡಿಗ್ರಿಯ ಆಚೀಚೆ ಇದೆ. ನೆಲಮಟ್ಟದ ಸರಾಸರಿ ಶಾಖವನ್ನು 27 ಡಿಗ್ರಿಯೆಂದು ಹಿಡಿದರೂ, ಈ ನೀರು ಕಡಿಮೆಯೆಂದರೆ ಒಂದು ಕಿಲೋಮೀಟರಿನಷ್ಟು ಆಳವನ್ನು ಕಂಡುಬಂದಿರಬೇಕು. ಮೇಲೇರುವಾಗ ಸ್ವಲ್ಪ ಶಾಖ ನಷ್ಟವಾಗುವುದರಿಂದ ನಿಜವಾದ ಆಳ ಇನ್ನೂ ಹೆಚ್ಚಾಗಿರಬೇಕು.

ಇಂತಹ ಬಿರುಕುಗಳು ಇಲ್ಲಿ ಮಾತ್ರ ಇರುವುದಲ್ಲ. ಉತ್ತರದಲ್ಲಿ ಪಾಲಘರ ಜಿಲ್ಲೆಯಿಂದ ದಕ್ಷಿಣದಲ್ಲಿ ರತ್ನಾಗಿರಿ ಜಿಲ್ಲೆಯ ರಾಜಾಪುರದವರೆಗೆ, ಸಹ್ಯಾದ್ರಿಗೂ ಸಮುದ್ರಕ್ಕೂ ನಡುವೆ, ಸುಮಾರು 18 ಸ್ಥಳಗಳಲ್ಲಿ ಬಿಸಿನೀರು ಸಾಲುಹಿಡಿದಂತೆ ಉಕ್ಕುತ್ತದೆ. ಇವುಗಳಲ್ಲಿ ಉನ್ಹವರೆಯ ಬುಗ್ಗೆ 70 ಡಿಗ್ರಿಯನ್ನೂ ಮುಟ್ಟುತ್ತದೆ. ಇಲ್ಲಿ ಭಾಷಾಭ್ಯಾಸಿಗಳು ಗಮನಿಸಬೇಕಾದ ಅಂಶವೊಂದಿದೆ. ಉನ್ಹವರೆ, ಉನ್ಹೇರೆ, ಉನ್ಹಾಳೆ ಎಂಬ ಊರ ಹೆಸರುಗಳೆಲ್ಲ ಬಿಸಿ ಎಂಬ ಅರ್ಥದ ಮರಾಠಿ ಶಬ್ದದಿಂದ ಹುಟ್ಟಿದವು. ಅದರ ಮೂಲ ಸಂಸ್ಕೃತದ ‘ಉಷ್ಣ’. ಪುತ್ತೂರು ತಾಲ್ಲೂಕಿನ ಇರ್ದೆಯಲ್ಲಿ ಸೀರೆಹೊಳೆಯ ಬಳಿ ಮೈಗೆ ಹಿತವಾಗುವಷ್ಟು ಬೆಚ್ಚನೆಯ ನೀರಿನ ಒಂದು ಚಿಲುಮೆಯುಂಟು. ಅದರ ಹೆಸರು ಬೆಂದ್ರ್ ತೀರ್ಥ. ತುಳುವಿನ ‘ಬೆಂದ್ರ್’ ಎಂದರೆ ಬಿಸಿನೀರು. ನಮ್ಮ ಹಳಗನ್ನಡದ ‘ಬೆನ್ನೀರ್’ ಅದರ ಒಡಹುಟ್ಟು. ನೆಲ ಬೇರೆ, ನುಡಿ ಬೇರೆ; ಹೆಸರಿಟ್ಟ ಬಗೆ ಮಾತ್ರ ಒಂದೇ.

ಇನ್ನು ಚಳಿಗಾಲವೇ ಏಕೆ? ಆಳದಿಂದ ಬರುವ ನೀರಿಗೆ ಋತುಭೇದ ಹೆಚ್ಚಾಗಿ ತಟ್ಟುವುದಿಲ್ಲ. ವೈಶಾಖದಲ್ಲಿಯೂ ಪುಷ್ಯದಲ್ಲಿಯೂ ಅದರ ಬಿಸಿ ಹೆಚ್ಚುಕಡಿಮೆ ಒಂದೇ. ಬದಲಾಗುವುದು ಹೊರಗಿನ ಗಾಳಿ ಮತ್ತು ನದಿ. ಮಳೆಗಾಲದಲ್ಲಿ ತಾನಸಾ ತುಂಬಿ ಹರಿದು, ಪಾತ್ರದಲ್ಲಿರುವ ಬುಗ್ಗೆಗಳನ್ನು ಮುಳುಗಿಸಿಬಿಡುತ್ತದೆ. ಚಳಿಗಾಲಕ್ಕೆ ನೀರಿಳಿದು ಕುಂಡಗಳು ತೋರುತ್ತವೆ. ಮುಂಜಾನೆಯ ತಣ್ಣನೆಯ ಗಾಳಿಯಲ್ಲಿ ಹಬೆಯೂ ಕಣ್ಣಿಗೆ ಕಾಣುತ್ತದೆ. ಇದೇ ನದಿಗೆ ಮೇಲ್ದಿಕ್ಕಿನಲ್ಲಿ 1892ರಲ್ಲಿ ಕಟ್ಟಿದ ಅಣೆಕಟ್ಟಿನಿಂದ ಮುಂಬಯಿಗೆ ಕುಡಿಯುವ ನೀರು ಬರುತ್ತದೆಂಬುದನ್ನು ನೆನೆದರೆ, ನಗರವು ಈ ಕಣಿವೆಗೆ ಎಷ್ಟು ಋಣಿಯೆಂಬುದು ಮನವರಿಕೆಯಾಗುತ್ತದೆ.

ಸ್ನಾನದ ಫಲದ ವಿಷಯದಲ್ಲಿ ಉತ್ಪ್ರೇಕ್ಷೆಯೇ ಹೆಚ್ಚು. ಬಿಸಿನೀರಿನಲ್ಲಿ ರಕ್ತನಾಳಗಳು ಹಿಗ್ಗುತ್ತವೆ, ಸ್ನಾಯುಗಳು ಸಡಿಲಗೊಳ್ಳುತ್ತವೆ, ನೀರು ದೇಹದ ಭಾರವನ್ನು ಹೊರುವುದರಿಂದ ಕೀಲುಗಳಿಗೆ ವಿಶ್ರಾಂತಿ ದೊರೆಯುತ್ತದೆ. ಕೀಲುನೋವಿಗೆ ತಾತ್ಕಾಲಿಕವಾಗಿ ಉಪಶಮನವಾಗುವುದು ಇದರಿಂದಲೇ. ಗಂಧಕವೇ ಸಕಲ ಚರ್ಮರೋಗಗಳನ್ನೂ ಕಳೆಯುವುದೆಂಬ ಮಾತಿಗೆ ಆಧಾರ ಸಾಲದು. ಕೊಂಕಣದ ಈ ಬುಗ್ಗೆಗಳ ನೀರಿನಲ್ಲಿ ಪ್ರಧಾನವಾಗಿರುವುದು ಗಂಧಕವಲ್ಲ, ಕ್ಲೋರೈಡು ಲವಣಗಳು. ವೈದ್ಯನ ಔಷಧವನ್ನು ಬಿಟ್ಟು ಕುಂಡವನ್ನು ನಂಬುವುದು ಅಪಾಯಕರ.

ಅಪಾಯ ಬೇರೆ ವಿಧದಲ್ಲಿಯೂ ಉಂಟು. ಬುಗ್ಗೆಯ ಬಾಯಲ್ಲಿನ 50 ಡಿಗ್ರಿಯ ನೀರು ಕೆಲವೇ ನಿಮಿಷಗಳಲ್ಲಿ ಚರ್ಮವನ್ನು ಸುಡಬಲ್ಲದು. ತಣಿಯಲು ಬಿಟ್ಟ ಕುಂಡವನ್ನೇ ಆರಿಸಿಕೊಂಡು, ಮೊದಲು ಕೈಯಿಟ್ಟು ನೋಡಬೇಕು. ಸಿಹಿಮೂತ್ರ ರೋಗದಿಂದ ಪಾದಗಳ ಸ್ಪರ್ಶಜ್ಞಾನ ಕುಂದಿದವರಿಗೆ ಬಿಸಿ ತಿಳಿಯದೆಯೇ ಬೊಬ್ಬೆಯೇಳಬಹುದು. ಹೃದ್ರೋಗಿಗಳೂ ಗರ್ಭಿಣಿಯರೂ ವೈದ್ಯರನ್ನು ಕೇಳದೆ ಇಳಿಯಬಾರದು. ಆರೋಗ್ಯವಂತರಿಗೂ ಹತ್ತು ಹದಿನೈದು ನಿಮಿಷ ಸಾಕು. ಏಳುವಾಗ ನಿಧಾನವಾಗಿ ಏಳಬೇಕು, ಇಲ್ಲವಾದರೆ ತಲೆತಿರುಗೀತು. ಬೆಚ್ಚನೆಯ ನೀರಿನಲ್ಲಿ ಬದುಕುವ ಕೆಲವು ಸೂಕ್ಷ್ಮಜೀವಿಗಳು ಮೂಗಿನ ಮೂಲಕ ಒಳಹೊಕ್ಕರೆ ಪ್ರಾಣಾಂತಿಕವಾಗಬಲ್ಲವು. ಆದುದರಿಂದ ತಲೆ ಮುಳುಗಿಸದಿರುವುದೇ ಲೇಸು.

ಕಡೆಯ ಮಾತು ನಮ್ಮ ಕ್ಷೇಮದ್ದಲ್ಲ, ಬುಗ್ಗೆಯ ಕ್ಷೇಮದ್ದು. ಬಿಸಿನೀರಿನ ಬುಗ್ಗೆಯು ಅಕ್ಷಯವೆಂದು ಭಾವಿಸುವುದು ಸಹಜ. ಆದರೆ ಅದು ಬದುಕಿರುವುದು ಕಣ್ಣಿಗೆ ಕಾಣದ ಕೆಲವು ಬಿರುಕುಗಳನ್ನೂ, ಅವುಗಳೊಳಗಿನ ನೀರಿನ ಒತ್ತಡವನ್ನೂ ನೆಚ್ಚಿಕೊಂಡು. ಸಮೀಪದಲ್ಲಿ ಕೊಳವೆ ಬಾವಿಗಳನ್ನು ಕೊರೆದು ನೀರೆತ್ತಿದರೆ ಆ ಒತ್ತಡ ಕುಸಿಯಬಹುದು. ಜಪಾನು ದೇಶವು 1948ರಲ್ಲಿಯೇ ಇದಕ್ಕಾಗಿ ಪ್ರತ್ಯೇಕ ಕಾಯಿದೆಯನ್ನು ಮಾಡಿ, ಬಿಸಿನೀರಿಗಾಗಿ ನೆಲ ಕೊರೆಯುವವರು ಪ್ರಾಂತದ ಅಧಿಕಾರಿಯಿಂದ ಅನುಮತಿ ಪಡೆಯಬೇಕೆಂದು ವಿಧಿಸಿತು. ಅಲ್ಲಿ ಬಿಸಿನೀರು ನಾಡಿನ ಸಂಪತ್ತೆಂದು ಗಣಿತವಾಗಿದೆ.

ನಾವು ಮಾಡಬಹುದಾದುದು ಸಣ್ಣದು, ಆದರೆ ನಿರರ್ಥಕವಲ್ಲ. ಸಾಬೂನನ್ನೂ ಕಸವನ್ನೂ ಕುಂಡದಿಂದ ದೂರವಿಡುವುದು ಮೊದಲನೆಯದು. ಎರಡನೆಯದಾಗಿ, ಪ್ರತಿ ಚಳಿಗಾಲವೂ ಅಲ್ಲಿಗೆ ಹೋಗುವ ನಮ್ಮಲ್ಲಿ ಕೆಲವರು ಒಂದು ಉಷ್ಣಮಾಪಕವನ್ನೂ ಒಂದು ಪುಸ್ತಕವನ್ನೂ ಜೊತೆಗೊಯ್ದು, ದಿನಾಂಕ, ಕುಂಡದ ಹೆಸರು, ನೀರಿನ ಶಾಖ, ನೀರಿನ ಮಟ್ಟ ಇಷ್ಟನ್ನು ಬರೆದಿಡಬಹುದು. 1882ರ ಠಾಣೆ ಜಿಲ್ಲೆಯ ಗೆಜೆಟಿಯರಿನಲ್ಲಿ ವಜ್ರಾಬಾಯಿಯ ಬುಗ್ಗೆಗಳ ವರ್ಣನೆ ದಾಖಲಾಗಿರುವುದರಿಂದ ಆ ಕಾಲದ ಸ್ಥಿತಿ ನಮಗೆ ಇಂದು ತಿಳಿಯುತ್ತದೆ. ಹತ್ತು ವರ್ಷಗಳ ಲೆಕ್ಕ ನಮ್ಮ ಕೈಯಲ್ಲಿದ್ದರೆ ಬುಗ್ಗೆ ಸೊರಗುತ್ತಿದೆಯೋ ಇಲ್ಲವೋ ಎಂಬುದನ್ನು ಊಹೆಯಿಂದಲ್ಲ, ಅಂಕಿಗಳಿಂದ ಹೇಳಬಹುದು. ಅನ್ನ ಕೊಟ್ಟ ನೆಲವನ್ನು ಅರಿತುಕೊಳ್ಳುವುದೂ ವಲಸೆ ಬಂದವರ ಕರ್ತವ್ಯಗಳಲ್ಲಿ ಒಂದು.