ಕಫದಲ್ಲಿ ಕಾಣದ ಕ್ಷಯ

ಎಚ್.ಐ.ವಿ. ಸೋಂಕುಳ್ಳ ಕೂಲಿಕಾರನೊಬ್ಬನು ಮೂರು ವಾರಗಳಿಂದ ಕೆಮ್ಮುತ್ತ, ದಿನದ ಕೂಲಿ ಬಿಟ್ಟು, ಕುಷ್ಟಗಿಯ ಹಳ್ಳಿಯೊಂದರಿಂದ ಕೊಪ್ಪಳದ ಆಸ್ಪತ್ರೆಗೆ ಬಂದನೆಂದು ಊಹಿಸೋಣ. ಅವನ ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕ್ಷಯದ ರೋಗಾಣು ಕಾಣದು. ಎಕ್ಸ್-ಕಿರಣದ ಚಿತ್ರವೂ ಹೆಚ್ಚುಕಡಿಮೆ ನಿರ್ಮಲ. ಹಾಗಾದರೆ ಅವನಿಗೆ ಕ್ಷಯವಿಲ್ಲವೆ? ಇದ್ದರೂ ಇರಬಹುದು!

ಎಚ್.ಐ.ವಿ. ವೈರಸ್ಸು ರಕ್ತದಲ್ಲಿನ ಸಿ.ಡಿ.4 ಎಂಬ ರಕ್ಷಕ ಕಣಗಳನ್ನು ನಾಶಗೊಳಿಸುತ್ತದೆ. ಆರೋಗ್ಯವಂತರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸಾಮಾನ್ಯವಾಗಿ 500ಕ್ಕೂ ಮಿಕ್ಕಿರುವ ಇವು 200ಕ್ಕಿಂತ ಕೆಳಗಿಳಿದರೆ, ಕಾವಲಿಲ್ಲದ ಹೊಲಕ್ಕೆ ದನ ನುಗ್ಗುವಂತೆ ಅನ್ಯ ರೋಗಾಣುಗಳು ನುಗ್ಗುತ್ತವೆ. ಇವೇ ಸಮಯಸಾಧಕ ಸೋಂಕುಗಳು. ನಮ್ಮ ದೇಶದಲ್ಲಿ ಇವುಗಳ ಪೈಕಿ ಕ್ಷಯವೇ ಅಗ್ರಗಣ್ಯ.

ತೊಡಕಿರುವುದು ಇಲ್ಲಿಯೇ. ಕ್ಷಯರೋಗಿಯ ಶ್ವಾಸಕೋಶದಲ್ಲಿ ಗುಳಿ ಬೀಳುವುದಕ್ಕೆ ರೋಗಾಣುವೊಂದೇ ಕಾರಣವಲ್ಲ. ಅದರೊಡನೆ ಹೋರಾಡುವ ದೇಹದ ರಕ್ಷಣಾಶಕ್ತಿಯೂ ಪಾಲುಗಾರ. ಈ ಗುಳಿಗಳಿಂದಲೇ ರೋಗಾಣುಗಳು ಹೇರಳವಾಗಿ ಕಫಕ್ಕೆ ಬರುವುವು; ಚಿತ್ರದಲ್ಲಿ ಎದ್ದು ಕಾಣುವುದೂ ಗುಳಿಯೇ. ಹೋರಾಟವೇ ಕುಗ್ಗಿದಲ್ಲಿ ಗುಳಿಯೂ ಅಪರೂಪ, ಗುರುತೂ ಅಸ್ಪಷ್ಟ. ರೋಗಿ ಸೊರಗಿದಷ್ಟೂ ಸಾಕ್ಷ್ಯ ಮರೆಯಾಗುತ್ತದೆ.

ಸೂಕ್ಷ್ಮದರ್ಶಕವನ್ನು ನಾವು ಹಳಿಯುತ್ತಿಲ್ಲ. 1882ರಲ್ಲಿ ರಾಬರ್ಟ್ ಕಾಕ್ ಈ ರೋಗಾಣುವನ್ನು ಜಗತ್ತಿಗೆ ತೋರಿಸಿದ್ದು ಅದರ ನೆರವಿನಿಂದಲೇ. ಆದರೆ ಒಂದು ಮಿಲಿಲೀಟರ್ ಕಫದಲ್ಲಿ 5,000ದಿಂದ 10,000ದಷ್ಟು ರೋಗಾಣುಗಳಿಲ್ಲದಿದ್ದರೆ ಅವು ಅದರಲ್ಲಿ ಕಣ್ಣಿಗೆ ಬೀಳುವುದು ಕಷ್ಟ. ಕಫವನ್ನು ಕೃಷಿಮಾಡಿ ರೋಗಾಣುಗಳನ್ನು ಬೆಳೆಸಬಹುದು. ಅದಕ್ಕೆ ವಾರಗಳೇ ಬೇಕು. ಅಷ್ಟು ಕಾಲ ಬಲಗುಂದಿದ ದೇಹ ಕಾಯದೆ ಹೋಗಬಹುದು.

ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಅನುಮೋದಿಸಿದ ಜೀನ್‌ಎಕ್ಸ್‌ಪರ್ಟ್ ಯಂತ್ರಕ್ಕೆ ಸುಮಾರು 130 ರೋಗಾಣುಗಳಿದ್ದರೂ ಸಾಕು. ಅದು ರೋಗಾಣುವಿನ ಡಿ.ಎನ್.ಎ.ಯ ತುಣುಕೊಂದನ್ನು ಇಮ್ಮಡಿಸುತ್ತ, ಮತ್ತೆ ಇಮ್ಮಡಿಸುತ್ತ ಹೋಗುತ್ತದೆ. ಚದುರಂಗದ ಮಣೆಯ ಮೇಲೆ ಅಕ್ಕಿಕಾಳು ಇಟ್ಟ ಕಥೆಯನ್ನು ಭತ್ತದ ನಾಡಾದ ಗಂಗಾವತಿಯ ವಿದ್ಯಾರ್ಥಿಗಳು ನೆನೆದುಕೊಳ್ಳಲಿ: ಒಂದು ಕಾಳು 30 ಸಲ ಇಮ್ಮಡಿಯಾದರೆ 107 ಕೋಟಿಯನ್ನು ಮೀರುತ್ತದೆ! ಹೀಗೆ ಹೆಚ್ಚಿದ ಪ್ರತಿಗಳಿಗೆ ಅಂಟಿದ ಪ್ರತಿದೀಪಕ ದ್ರವ್ಯ ಬೆಳಗುತ್ತದೆ. ಯಂತ್ರವು ಆ ಬೆಳಕನ್ನು ಅಳೆಯುತ್ತದೆ. ಭೌತಶಾಸ್ತ್ರ ಬೋಧಿಸುವ ನಮಗೆ ಇದು ವಿಶೇಷ ಸಂತೋಷದ ಸಂಗತಿ. ಉತ್ತರ ಎರಡು ಗಂಟೆಗಳಲ್ಲಿ ಸಿದ್ಧ. ರಿಫಾಂಪಿಸಿನ್ ಔಷಧಿಗೆ ರೋಗ ಮಣಿಯುವುದೋ ಇಲ್ಲವೋ ಎಂಬುದೂ ಅದರಿಂದಲೇ ತಿಳಿಯುತ್ತದೆ.

ಕಫವೇ ಬಾರದವರಿಗೆ ಮೂತ್ರಪರೀಕ್ಷೆಯುಂಟು. ರೋಗಾಣುವಿನ ಕವಚದ ‘ಲ್ಯಾಮ್’ ಎಂಬ ವಸ್ತುವನ್ನು ಕಾಗದದ ಪಟ್ಟಿಯೊಂದು ಸುಮಾರು 25 ನಿಮಿಷಗಳಲ್ಲಿ ತೋರಿಸುತ್ತದೆ. ಇದರ ನಡತೆ ತಲೆಕೆಳಗು: ಸಿ.ಡಿ.4 ಕುಸಿದವರಲ್ಲಿಯೇ ಇದು ಹೆಚ್ಚು ಫಲಕಾರಿ.

ಆದರೂ ಇವೆಲ್ಲವೂ ಒಮ್ಮೊಮ್ಮೆ ತಪ್ಪುವುವು. ಆದುದರಿಂದ ಎಚ್.ಐ.ವಿ. ಸೋಂಕುಳ್ಳವರು ಚಿಕಿತ್ಸಾಕೇಂದ್ರಕ್ಕೆ ಬಂದಾಗಲೆಲ್ಲ ನಾಲ್ಕು ಪ್ರಶ್ನೆಗಳನ್ನು ಕೇಳಲಾಗುತ್ತದೆ. ಕೆಮ್ಮು ಇದೆಯೆ? ಜ್ವರ? ತೂಕ ಇಳಿದಿದೆಯೆ? ರಾತ್ರಿ ಬೆವರುವಿರಾ? ಒಂದಕ್ಕೆ ಹೌದೆಂದರೂ ಶೋಧನೆ ಆರಂಭವಾಗಬೇಕು. ಯಲಬುರ್ಗಾದ ಹಳ್ಳಿಯ ಜಗಲಿಯಲ್ಲಿ ಕುಳಿತೂ ಕೇಳಬಹುದಾದ ಪ್ರಶ್ನೆಗಳಿವು.